ಕ್ಯಾರೆಟ್ಟಿಗೊಂದು ತಾರೀಕು

ತಾರೀಕು ಹಾಕುವ ವಿಷಯದಲ್ಲಿ ನನ್ನಷ್ಟು ಪಳಗಿದವನು ಟೆಕ್ಸಾಸಿನ ಆಸ್ಟಿನ್ ಸುತ್ತಮುತ್ತ ಇನ್ನೊಬ್ಬನಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಬೇರೆ ಯಾರೂ ಹೇಳಲು ಮುಂದೆ ಬರದಿರುವುದರಿಂದ ನಾನೇ ಹೇಳಬೇಕಾಗಿದೆ. ಅಲ್ಲಿನ ದ ಡೊಮೇನ್ ಎಂಬ ವ್ಯಾಪಾರ ಬಡಾವಣೆಯ ಒಂದು ಆಫೀಸಿನಲ್ಲಿ ನನ್ನ ಕೆಲಸವೇ ಅದು. ಇಪ್ಪತ್ತು ಜನ ಸೇರಿ ಬರೆದ ಸಾಫ್ಟ್‌ವೇರ್ ಯಾವತ್ತು ಗಿರಾಕಿಯ ಕೈ ಸೇರಬೇಕೆಂದು ಗೊತ್ತುಮಾಡುವುದು, ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬಂದು ಯಾರು ಯಾವತ್ತು ಏನು ಮುಗಿಸಬೇಕೆಂದು ಹೇಳುವುದು, ಅವರು ಮುಗಿಸದಿದ್ದಾಗ ತಾರೀಕನ್ನು ಮುಂದಕ್ಕೆ ಹಾಕಿ ಅದಕ್ಕೊಂದು ಮರ್ಯಾದಸ್ಥ ಕಾರಣ ಬರೆಯುವುದು. ಈ ಮೂರನೆಯ ಭಾಗದಲ್ಲಿ ನನ್ನ ಕೈ ವಿಶೇಷವಾಗಿ ಪಳಗಿದೆ. ಇಂಥ ನಾನು ಒಂದು ಕ್ಯಾರೆಟ್ ಬೀಜವನ್ನು ಯಾವತ್ತು ಮಣ್ಣಿಗೆ ಹಾಕಬೇಕೆಂದು ತಿಳಿಯದೆ ಇಡೀ ಚಳಿಗಾಲ ಒದ್ದಾಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಸುಮಾ ಮಾತ್ರ ಕೂಡಲೇ ನಂಬಿದಳು.

ಇದಕ್ಕೆಲ್ಲ ಮೂಲ ನಮ್ಮ ಅತ್ತೆಯವರು, ಅಂದರೆ ಸುಮಾಳ ತಾಯಿ. ಮೈಸೂರಿನ ಸರಸ್ವತಿಪುರಂನವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಕ್ಕಳ ಉತ್ತರ ಪತ್ರಿಕೆಗೆ ಅವರು ಎಂಥ ಷರಾ ಬರೆಯುತ್ತಿದ್ದರೋ ನನಗೆ ಗೊತ್ತಿಲ್ಲ, ನನಗಂತೂ ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವರಿಂದ ಸಿಕ್ಕಿದ್ದು ಒಂದೇ ಷರಾ: "ಪರವಾಗಿಲ್ಲ." ಹೆಣ್ಣು ನೋಡಲು ಹೋದಾಗ ನಾನು ಬಾಗಿಲು ದಾಟುವ ಮೊದಲೇ ಒಳಗಿನಿಂದ ಕೇಳಿಸಿದ ಮಾತು ಅದು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನಲ್ಲಿ ಮನೆ ಕೊಂಡು, ವಿಡಿಯೊ ಕರೆಯಲ್ಲಿ ಫೋನ್ ಹಿಡಿದು ಮೇಲಿನಿಂದ ಕೆಳಗಿನವರೆಗೆ ತೋರಿಸಿದಾಗ, ಕೊನೆಗೆ ಅವರು ಹೇಳಿದ್ದೂ ಅದನ್ನೇ. ನಾನು ಮಾಡಿದ ಬಿಸಿಬೇಳೆ ಬಾತಿಗೂ ಅದೇ, ನನಗೆ ಬಡ್ತಿ ಸಿಕ್ಕಿದ ಸುದ್ದಿಗೂ ಅದೇ. ಕೆಟ್ಟ ಮಾತಲ್ಲ, ನಿಜ. ಪಾಸಾಗಿದ್ದೀಯ ಎಂದೇ ಅರ್ಥ. ಆದರೆ ಹದಿಮೂರು ವರ್ಷ ಬರೀ ಪಾಸಾಗುತ್ತಲೇ ಇರುವುದು ಎಂಥ ಗಂಡಸಿಗಾದರೂ ಬೇಸರದ ಸಂಗತಿ. ಒಂದೇ ಒಂದು ಸಲ ಅವರ ಬಾಯಿಂದ "ಚೆನ್ನಾಗಿದೆ" ಅನ್ನಿಸಿಕೊಳ್ಳಬೇಕೆಂಬುದು ನನ್ನ ಮನಸ್ಸಿನ ಆಸೆಯಾಗಿತ್ತು. ಇದನ್ನು ಸುಮಾಳಿಗೂ ಹೇಳಿರಲಿಲ್ಲ. ಹೇಳಿದರೆ ಅವಳು ಅಮ್ಮನಿಗೆ ಹೇಳುತ್ತಾಳೆ, ಆಮೇಲೆ ಅಮ್ಮ ದಾಕ್ಷಿಣ್ಯಕ್ಕೆ ಹೇಳಿಬಿಟ್ಟರೆ ಅದರಲ್ಲಿ ಏನಿದೆ?

ಅವರು ಕಳೆದ ನವೆಂಬರಿನ ಆರಂಭದಲ್ಲಿ ಬಂದರು. ಎರಡು ಭಾರಿ ಸೂಟ್‌ಕೇಸು ತಂದಿದ್ದರು. ಒಂದರ ತುಂಬ ಚಟ್ನಿಪುಡಿ, ಹಪ್ಪಳ, ಸಂಡಿಗೆ. ಖಾಲಿಯಾದ ಸೂಟ್‌ಕೇಸುಗಳನ್ನಿಡಲು ಜಾಗ ಬೇಕೆಂದು ನಾನು ಗ್ಯಾರೇಜ್ ಕ್ಲೀನ್ ಮಾಡಲು ಹೊರಟೆ. ಒಂದು ಮೂಲೆಯಲ್ಲಿ ನನ್ನ ಹಳೆಯ ಕೈತೋಟದ ಅವಶೇಷಗಳಿದ್ದವು. ಅರ್ಧ ಚೀಲ ಗೊಬ್ಬರ, ಹಲ್ಲು ಮುರಿದ ಕೈಕುಂಟೆ, ಅವಧಿ ಮೀರಿದ ಒಂದಷ್ಟು ಬೀಜದ ಪೊಟ್ಟಣಗಳು. ಅವಧಿ ಮೀರಿದ ವಸ್ತುವನ್ನು ಇಟ್ಟುಕೊಳ್ಳುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಕುಂಟೆಯನ್ನು ಕಸಕ್ಕೆ ಹಾಕಿ, ಪೊಟ್ಟಣಗಳನ್ನು ಹರಿದು ಬೀಜವನ್ನೂ ಗೊಬ್ಬರವನ್ನೂ ಹಿತ್ತಲ ಬಾಗಿಲ ಪಕ್ಕದ ದೊಡ್ಡ ಟಬ್ಬಿಗೆ ಸುರಿದು ಕೈ ಝಾಡಿಸಿಕೊಂಡೆ. ಆ ಟಬ್ಬಿನಲ್ಲಿ ಬೇಸಿಗೆಯಲ್ಲಿ ಸತ್ತ ಗುಲಾಬಿಯೊಂದರ ಮಣ್ಣು ಮಾತ್ರ ಇತ್ತು. ಮೂರು ನಾಲ್ಕು ದಿನ ಕಳೆದ ಮೇಲೆ ಅತ್ತೆಯವರು ಅದೇ ಟಬ್ಬನ್ನು ನೋಡಿ, ಸುಮ್ಮನೆ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿ, ಅಡುಗೆಮನೆಯ ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಒಡೆದು ಅಲ್ಲಿ ಉದುರಿಸಿದರು. ಅದು ಅವರ ತೋಟವಾಯಿತು. ನಾನು ಆ ಕಡೆ ತಲೆ ಹಾಕಲಿಲ್ಲ.

ಒಂದು ದಿನ ಊಟಕ್ಕೆ ಹೆಸರುಬೇಳೆ, ಕ್ಯಾರೆಟ್ ಕೋಸಂಬರಿ ಮಾಡಿದ್ದೆವು. ಅಂಗಡಿಯಿಂದ ತಂದ, ಸಿಪ್ಪೆ ಹೆರೆದು ಬೆರಳುದ್ದಕ್ಕೆ ಕತ್ತರಿಸಿ ಚೀಲದಲ್ಲಿ ಮಾರುವ ಕ್ಯಾರೆಟ್. ಅತ್ತೆಯವರು ಒಂದು ಚಮಚ ಬಾಯಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಇದಕ್ಕೆ ಬಣ್ಣ ಹಾಕುತ್ತಾರಾ ಎಂದು ಕೇಳಿದರು. ಇಲ್ಲ, ಅದೇ ಅದರ ಬಣ್ಣ ಎಂದೆ. ಮತ್ತೆ ರುಚಿ ಎಲ್ಲಿ ಎಂದರು. "ಪರವಾಗಿಲ್ಲ" ಅನ್ನಲಿಲ್ಲ! ಹದಿಮೂರು ವರ್ಷದಲ್ಲಿ ನಮ್ಮ ಮನೆಯ ಒಂದು ಪದಾರ್ಥ ಮೊದಲ ಬಾರಿಗೆ ಫೇಲಾಗಿತ್ತು. ಆಗ ನನ್ನೊಳಗಿನ ತಾರೀಕುಗಾರ ಎದ್ದು ನಿಂತ. ಯುಗಾದಿಯ ದಿನ ಕೋಸಂಬರಿಗೆ ನಮ್ಮ ಹಿತ್ತಲಲ್ಲೇ ಬೆಳೆದ ಕ್ಯಾರೆಟ್ ಹಾಕುತ್ತೇನೆ, ಅದನ್ನು ತಿಂದೇ ನೀವು ಊರಿಗೆ ಹೋಗಬೇಕು ಎಂದು ಎಲ್ಲರೆದುರು ಹೇಳಿಬಿಟ್ಟೆ. ಅವರ ವಾಪಸು ಟಿಕೆಟ್ ಯುಗಾದಿ ಕಳೆದ ನಾಲ್ಕನೆಯ ದಿನಕ್ಕಿತ್ತು. ಹ್ಯೂಸ್ಟನ್ನಿನ ಪಾಟೀಲ ಡಾಕ್ಟರ್ ದಂಪತಿಗಳನ್ನೂ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿರುವ ನನ್ನ ಕಾಲೇಜು ಗೆಳೆಯ ಶ್ರೀನಾಥನ ಮನೆಯವರನ್ನೂ ಹಬ್ಬದೂಟಕ್ಕೆ ಅವತ್ತೇ ಫೋನ್ ಮಾಡಿ ಕರೆದೆ. ಸಾಕ್ಷಿಗಳಿಲ್ಲದ ಗೆಲುವಿಗೆ ಬೆಲೆಯಿಲ್ಲ.

ತಾರೀಕು ಸಿಕ್ಕಿತಲ್ಲ, ಇನ್ನು ಹಿಂದಕ್ಕೆ ಎಣಿಸುವುದಷ್ಟೇ. ಹೊಸ ಬೀಜದ ಪೊಟ್ಟಣದ ಬೆನ್ನಿನ ಮೇಲೆ ಎಪ್ಪತ್ತೈದು ದಿನ ಎಂದಿತ್ತು. ಮೊಳಕೆ ಬರಲು ಎರಡು ವಾರ, ನನ್ನ ಕಡೆಯಿಂದ ತಪ್ಪಾದರೆ ಇರಲಿ ಎಂದು ಇನ್ನೆರಡು ವಾರ. ಲೆಕ್ಕ ಡಿಸೆಂಬರಿಗೆ ಬಂದು ನಿಂತಿತು. ಆದರೆ ಡಿಸೆಂಬರಿನಲ್ಲಿ ಫ್ರಾಸ್ಟ್ ಇದೆ. ಮುಂಜಾನೆಯ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಬೆಳ್ಳಗೆ ಕೂತು, ಬಿಸಿಲೇರುವ ಹೊತ್ತಿಗೆ ಟೊಮೆಟೊ ಗಿಡವನ್ನು ಬೇಯಿಸಿದ ಸೊಪ್ಪಿನಂತೆ ಮಾಡಿ ಹೋಗುವ ಆ ಫ್ರಾಸ್ಟ್. ಅದು ಕೊನೆಯ ಸಲ ಬೀಳುವ ದಿನ ಒಂದೊಂದು ಊರಿಗೆ ಒಂದೊಂದು. ಹ್ಯೂಸ್ಟನ್ನಿಗೆ ಫೆಬ್ರವರಿಯಲ್ಲೇ ಮುಗಿಯುತ್ತದೆ, ಡಲ್ಲಾಸಿಗೆ ಮಾರ್ಚ್ ಅರ್ಧ ಕಳೆಯಬೇಕು, ನಾವು ನಡುವೆ ಎಲ್ಲೋ. ಅದೂ ಸರಾಸರಿ ಮಾತ್ರ. ಕೆಲವು ವರ್ಷ ಮುಂಚೆ ಹೋಗುತ್ತದೆ, ಕೆಲವು ವರ್ಷ ಮರೆತುಹೋದ ಕೊಡೆ ತೆಗೆದುಕೊಂಡು ಹೋಗಲು ಬಂದವರಂತೆ ಮತ್ತೆ ಬರುತ್ತದೆ. ಫ್ರಾಸ್ಟ್ ಮುಗಿದ ಮೇಲೆ ಬಿತ್ತಿದರೆ ಯುಗಾದಿಗೆ ಕ್ಯಾರೆಟ್ಟಿಲ್ಲ, ಮೊದಲೇ ಬಿತ್ತಿದರೆ ಗಿಡವೇ ಇಲ್ಲ ಎಂದು ನಾನು ತಿಳಿದಿದ್ದೆ. ಎಷ್ಟು ಖಚಿತವಾಗಿ ತಿಳಿದಿದ್ದೆ ಎಂದರೆ, ಅದು ನಿಜವೇ ಎಂದು ಯಾರನ್ನೂ ಕೇಳಲಿಲ್ಲ.

ಕೇಳದಿದ್ದರೂ ಹೇಳಿದವರಿದ್ದರು. ಮೂರು ಊರಿನವರೂ ಸೇರಿ ಒಂದು ಭಾನುವಾರ ವಿಡಿಯೊ ಕರೆ ಇಟ್ಟುಕೊಂಡೆವು. ನಾನು ಬಣ್ಣ ಬಣ್ಣದ ಎಕ್ಸೆಲ್ ಹಾಳೆ ತೋರಿಸಿದೆ. ಪಾಟೀಲ ಡಾಕ್ಟರ್ ಧಾರವಾಡದವರು, ನಲವತ್ತು ವರ್ಷ ಟೆಕ್ಸಾಸಿನ ಎದೆಗಳನ್ನು ರಿಪೇರಿ ಮಾಡಿ ಈಗ ನಿವೃತ್ತರಾಗಿ ತರಕಾರಿ ಬೆಳೆಯುತ್ತಾರೆ. ಅವರು ನನ್ನ ಹಾಳೆಯನ್ನು ಸರಿಯಾಗಿ ನೋಡಲೂ ಇಲ್ಲ. "ಅದನ್ನೆಲ್ಲಾ ಬಿಡ್ರಿ. ಗಜ್ಜರಿ ಬೀಜ ಇವತ್ತ ನೆಲದಾಗ ಹಾಕ್ರಿ. ಅದಕ್ಕ ಥಂಡಿ ಏನೂ ಮಾಡಂಗಿಲ್ಲ. ಥಂಡಿ ಬಿದ್ದ ಮ್ಯಾಲೇ ಅದು ಸಿಹಿ ಆಗೋದು," ಎಂದರು. ಹ್ಯೂಸ್ಟನ್ನಿನವರಿಗೆ ಥಂಡಿ ಅಂದರೇನೆಂದು ಗೊತ್ತಿಲ್ಲ, ಪಾಪ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಶ್ರೀನಾಥ ಅದಕ್ಕೆ ತದ್ವಿರುದ್ಧ. ಅವನು ಒಂದು ಫೆಬ್ರವರಿಯಲ್ಲಿ ನಲವತ್ತು ಟೊಮೆಟೊ ಗಿಡ ಕಳೆದುಕೊಂಡವನು, ಅಂದಿನಿಂದ ಮಾರ್ಚ್ ಮುಗಿಯುವವರೆಗೆ ಹಿತ್ತಲ ಬಾಗಿಲನ್ನೇ ತೆಗೆಯುವುದಿಲ್ಲ. ಹೊರಗೆ ಏನೂ ಹಾಕಬೇಡ ಎಂದು ನನಗೆ ಮೂರು ಸಲ ಎಚ್ಚರಿಕೆ ಕೊಟ್ಟ. ಡಾಕ್ಟರ್ ಹಿರಿಯರು, ಅವರ ಮಾತು ತೆಗೆದುಹಾಕುವಂತಿಲ್ಲ. ಶ್ರೀನಾಥ ಗೆಳೆಯ, ಅವನಿಗೂ ಬೇಜಾರು ಮಾಡುವಂತಿಲ್ಲ. ಆಫೀಸಿನಲ್ಲಿ ಇಬ್ಬರು ಜಗಳವಾಡಿದಾಗ ನಾನು ಮಾಡುವುದನ್ನೇ ಇಲ್ಲೂ ಮಾಡಿದೆ. ಡಾಕ್ಟರ್ ಹೇಳಿದಂತೆ ಈಗಲೇ ಬಿತ್ತುವುದು, ಶ್ರೀನಾಥ ಹೇಳಿದಂತೆ ಹೊರಗೆ ಬಿತ್ತದಿರುವುದು. ಅಂದರೆ ಗ್ಯಾರೇಜಿನಲ್ಲಿ ಬಿತ್ತುವುದು. ಇಬ್ಬರೂ ತಮ್ಮ ಮಾತು ನಡೆಯಿತೆಂದು ಸಂತೋಷಪಡಬೇಕಾಗಿತ್ತು, ಯಾಕೋ ಪಡಲಿಲ್ಲ.

ಇದು ನನಗೆ ಹೊಳೆದದ್ದಕ್ಕೆ ಇನ್ನೊಂದು ಕಾರಣವಿದೆ. ನಾನು ಚಿಕ್ಕವನಾಗಿದ್ದಾಗ ನಮ್ಮಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಒಡೆದ ಬಕೆಟ್ಟಿನಲ್ಲಿ ಮೆಣಸಿನಕಾಯಿ, ಬದನೆ, ಟೊಮೆಟೊ ಎಲ್ಲವನ್ನೂ ಮೊದಲು ಸಸಿ ಮಾಡಿ, ಆಮೇಲೆ ಕಿತ್ತು ಸಾಲಾಗಿ ನೆಡುತ್ತಿದ್ದರು. ಸಸಿ ಕೀಳುವುದು, ನೆಡುವುದು, ಮೂರು ದಿನ ತೆಂಗಿನ ಗರಿಯ ನೆರಳು ಮಾಡುವುದು, ಇದೇ ಕೃಷಿ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕ್ಯಾರೆಟ್ ಬೇರಿನ ತರಕಾರಿ, ಕಿತ್ತು ನೆಟ್ಟರೆ ಬೇರು ಕೆಡುತ್ತದೆ ಎಂದು ಪೊಟ್ಟಣದ ಮೇಲೂ ಬರೆದಿತ್ತು. ಅದು ಶಿಸ್ತಿಲ್ಲದವರಿಗೆ ಬರೆದದ್ದು ಎಂದುಕೊಂಡೆ.

ಹೀಗೆ ನನ್ನ ಅರವತ್ತು ಪೇಪರ್ ಕಪ್ಪುಗಳ ಕ್ಯಾರೆಟ್ ಶಾಲೆ ಆರಂಭವಾಯಿತು. ಬೆಳಿಗ್ಗೆ ಬಿಸಿಲು ಬಂದಾಗ ಅವನ್ನೆಲ್ಲ ನಾಲ್ಕು ಚಕ್ರದ ಎಳೆಗಾಡಿಯಲ್ಲಿಟ್ಟು ಹಿತ್ತಲಿಗೆ ಎಳೆದುಕೊಂಡು ಹೋಗುವುದು, ಸಂಜೆ ಐದಕ್ಕೆ ಮತ್ತೆ ಗ್ಯಾರೇಜಿಗೆ ಎಳೆದು ತರುವುದು. ಜನವರಿಯಲ್ಲಿ ಇಲ್ಲಿ ಸೀಡರ್ ಮರಗಳ ಪರಾಗ ಹಾರುತ್ತದೆ. ಊರಿಗೆ ಊರೇ ಸೀನುತ್ತದೆ, ನಾನು ಎಲ್ಲರಿಗಿಂತ ಜೋರಾಗಿ. ಸೀನುತ್ತಾ, ಕಣ್ಣೊರೆಸಿಕೊಳ್ಳುತ್ತಾ ಗಾಡಿ ಎಳೆಯುವ ನನ್ನನ್ನು ಅತ್ತೆಯವರು ಕಿಟಕಿಯಿಂದ ನೋಡುತ್ತಿದ್ದರು. ಒಮ್ಮೆ ಆಫೀಸಿನಲ್ಲಿ ಮಧ್ಯಾಹ್ನದ ಮೀಟಿಂಗ್ ಎಳೆಯುತ್ತಿದ್ದಾಗ ಹೊರಗೆ ಉತ್ತರದ ಗಾಳಿ ಎದ್ದಿತು. ಟೆಕ್ಸಾಸಿನಲ್ಲಿ ಆ ಗಾಳಿ ಎದ್ದರೆ ಊಟದ ಹೊತ್ತಿಗೆ ಅಂಗಿ ಸಾಕು, ಕಾಫಿಯ ಹೊತ್ತಿಗೆ ಸ್ವೆಟರ್ ಬೇಕು. ನಾನು ಮನೆಯಲ್ಲಿ ಚಿಕ್ಕವರು ಹೊರಗಿದ್ದಾರೆ, ಹೋಗಬೇಕು ಎಂದು ಎದ್ದುಬಿಟ್ಟೆ. ನಮಗೆ ಮಕ್ಕಳಿಲ್ಲವೆಂದು ಬಾಸಿಗೆ ಗೊತ್ತು. ಆಮೇಲೆ ಒಂದು ವಾರ ಅವರು ನನ್ನನ್ನು ಬಹಳ ಮೃದುವಾಗಿ ಮಾತಾಡಿಸಿದರು.

ಆ ಜನವರಿಯಲ್ಲಿ ಬಿದ್ದ ಫ್ರಾಸ್ಟ್ ಒಂದೆರಡಲ್ಲ. ಅದರಲ್ಲಿ ಒಂದು ಮುಂಜಾನೆ ಹಿತ್ತಲೆಲ್ಲ ಬೆಳ್ಳಗಿತ್ತು. ಹಿಂದಿನ ಸಂಜೆ ಅತ್ತೆಯವರು ತಮ್ಮ ಕೊತ್ತಂಬರಿ ಟಬ್ಬಿಗೂ ಏನಾದರೂ ಹೊದಿಸಿ ಎಂದು ಕೇಳಿದ್ದರು. ನನ್ನ ಎರಡು ಹಳೆಯ ಪಂಚೆ, ಒಂದು ಕಂಬಳಿ ಎಲ್ಲವೂ ಗ್ಯಾರೇಜಿನಲ್ಲಿ ಕಪ್ಪುಗಳ ಸುತ್ತ ಸುತ್ತಿಯಾಗಿತ್ತು. ಕೊತ್ತಂಬರಿ ತಾನೇ, ಹೋದರೆ ಅಂಗಡಿಯಲ್ಲಿ ಒಂದು ಕಟ್ಟು ತಂದರಾಯಿತು ಎಂದುಬಿಟ್ಟೆ. ಬೆಳಿಗ್ಗೆ ನೋಡಿದರೆ ಟಬ್ಬಿನ ಸೊಪ್ಪು ಬಿಳಿ ಅಂಚು ಕಟ್ಟಿಕೊಂಡು ನೆಟ್ಟಗೆ ನಿಂತಿತ್ತು. ಬಿಸಿಲು ಬಂದ ಮೇಲೆ ಇನ್ನೂ ಹಸಿರಾಗಿ ನಗುತ್ತಿತ್ತು. ಅದೊಂದು ಪಾಠವೆಂದು ನನಗೆ ಹೊಳೆಯಬೇಕಾಗಿತ್ತು, ಆದರೆ ನಾನಾಗ ಕಪ್ಪುಗಳಿಗೆ ಬೆಚ್ಚನೆಯ ನೀರು ಕುಡಿಸುತ್ತಿದ್ದೆ.

ಆ ಟಬ್ಬಿನ ಮೇಲೆ ಅತ್ತೆಯವರಿಗೆ ಒಂದು ದೂರಿತ್ತು. ಅರ್ಧ ಸೊಪ್ಪಿಗೆ ಘಮವಿದೆ, ಇನ್ನರ್ಧಕ್ಕೆ ಕೊತ್ತಂಬರಿಯ ಘಮವೇ ಇಲ್ಲ ಎನ್ನುತ್ತಿದ್ದರು. ಎಲೆಯೂ ತೀರ ಸಣ್ಣ ಸಣ್ಣದಾಗಿ ಹರಿದಿದೆಯಂತೆ. ಸಾರಿಗೆ ಹಾಕುವಾಗ ಒಂದೊಂದನ್ನೂ ಮೂಸಿ ನೋಡಿ, ಘಮವಿಲ್ಲದ್ದನ್ನು ಕೀಳದೆ ಅಲ್ಲೇ ಬಿಟ್ಟುಬರುತ್ತಿದ್ದರು. ನಾನು ಈ ದೇಶದ ಪರವಾಗಿ, ಇಲ್ಲಿನ ಮಣ್ಣಿನಲ್ಲಿ ಸುಣ್ಣಕಲ್ಲು ಜಾಸ್ತಿ, ಅದರಿಂದ ಘಮ ಕಡಿಮೆ ಎಂದು ವಿವರಿಸಿದೆ. ಇಂಥ ವಿವರಣೆಗಳು ನನಗೆ ಯೋಚಿಸದೆಯೇ ಬರುತ್ತವೆ.

ಫೆಬ್ರವರಿ ಕೊನೆಯಲ್ಲಿ ಕಪ್ಪಿನ ಸಸಿಗಳನ್ನು ಒಂದೊಂದಾಗಿ ಬಿಡಿಸಿ ಹಿತ್ತಲ ಮಡಿಯಲ್ಲಿ ನೆಟ್ಟೆ. ಹ್ಯೂಸ್ಟನ್ನಿನ ದಿನಕ್ಕೆ ತಡ, ಡಲ್ಲಾಸಿನ ದಿನಕ್ಕೆ ಬೇಗ, ನನ್ನ ಹಾಳೆಯ ಪ್ರಕಾರ ಗಂಟೆ ಸಮೇತ ಸರಿ. ಎಲೆ ಎದ್ದು ನಿಂತವು. ನಾನು ದಿನಾ ಫೋಟೊ ತೆಗೆದು ಎರಡೂ ಊರಿಗೆ ಕಳಿಸಿದೆ. ಶ್ರೀನಾಥ ಕೈ ಮುಗಿಯುವ ಚಿತ್ರ ಕಳಿಸಿದ. ಡಾಕ್ಟರ್ ಮಾತ್ರ, ಕೆಳಗ ಏನೈತಿ ಅದನ್ನ ನೋಡ್ರಿ ಮದಲ ಎಂದು ಬರೆದರು. ಕೆಳಗೆ ನೋಡುವುದು ಯುಗಾದಿಯ ದಿನ, ಅದು ಯೋಜನೆಯಲ್ಲಿತ್ತು. ಅದಕ್ಕೆ ಮೊದಲು ಕಿತ್ತು ನೋಡುವುದು ನನ್ನ ಶಿಸ್ತಿಗೆ ಒಗ್ಗುವ ಮಾತಲ್ಲ.

ಯುಗಾದಿ ಬಂತು. ಪಾಟೀಲ ಡಾಕ್ಟರ್ ಹ್ಯೂಸ್ಟನ್ನಿನ ತಮ್ಮ ಮನೆಯ ಬೇವಿನ ಮರದಿಂದ ಒಂದು ಚೀಲ ಎಲೆ ತಂದರು. ಪರಿಚಯದ ಅರ್ಧ ಟೆಕ್ಸಾಸಿಗೆ ಬೇವು ಹಂಚುವವರು ಅವರೇ. ಶ್ರೀನಾಥನ ಮನೆಯವರು ಬೆಳಗಿನ ಜಾವವೇ ಹೊರಟು ಬಂದಿದ್ದರು. ಅತ್ತೆಯವರು ಒಬ್ಬಟ್ಟು ತಟ್ಟುತ್ತಿದ್ದರು. ಹೆಸರುಬೇಳೆ ನೆನೆದು ಕಾದಿತ್ತು. ನಾನು ಹೊಸ ಜುಬ್ಬಾ ಹಾಕಿಕೊಂಡು, ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ, ಮಡಿಯ ಮುಂದೆ ನಿಲ್ಲಿಸಿ, ಎರಡು ಮಾತು ಆಡಿ ಮೊದಲ ಗಿಡವನ್ನು ಕಿತ್ತೆ. ಕೈಗೆ ಬಂದದ್ದು ಕಿರುಬೆರಳಿನಷ್ಟಿತ್ತು. ಮೂರು ಕಾಲಿತ್ತು. ಒಂದು ಕಾಲು ಇನ್ನೊಂದರ ಮೇಲೆ ಹಾಕಿಕೊಂಡು ಕೂತಿತ್ತು. ಎರಡನೆಯದು ಶುಂಠಿಯ ಹಾಗೆ, ಮೂರನೆಯದು ಕಪ್ಪಿನ ತಳದ ಆಕಾರಕ್ಕೆ ಸುರುಳಿ ಸುತ್ತಿಕೊಂಡಿತ್ತು. ಶ್ರೀನಾಥ ಕೆಮ್ಮಿದ. ಡಾಕ್ಟರ್ ತಮ್ಮ ವೃತ್ತಿಯ ಅಭ್ಯಾಸದಿಂದ ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟರು. ನನಗೆ ನಿಜಕ್ಕೂ ಅಳು ಬಂದಂತಾಯಿತು. ಹಾಸ್ಯ ಬರೆಯುತ್ತಿದ್ದೇನೆಂದು ಸುಳ್ಳು ಹೇಳಲಾರೆ. ತಿಂಗಳುಗಟ್ಟಲೆ ಎಳೆದ ಗಾಡಿ, ಬಿಟ್ಟು ಬಂದ ಮೀಟಿಂಗು, ನಾಲ್ಕು ದಿನಕ್ಕೆ ಹೊರಟು ನಿಂತಿರುವ ಅತ್ತೆ. ಜುಬ್ಬಾದಲ್ಲಿ ಬೆವರುತ್ತಾ, ಮಣ್ಣಾದ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ.

ಆಗ ಅತ್ತೆಯವರು ಒಳಗಿನಿಂದ ಬಂದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ಒಗ್ಗರಣೆ ಆರುತ್ತದೆ, ಕೋಸಂಬರಿಗೆ ಕೊತ್ತಂಬರಿಯಾದರೂ ಹಾಕೋಣ ಎಂದು ಟಬ್ಬಿನ ಕಡೆ ಹೋದರು. ಹೊರಡುವ ದಿನ ಹತ್ತಿರವಾಗಿತ್ತಲ್ಲ, ಘಮವಿಲ್ಲದ್ದನ್ನೂ ಇವತ್ತು ಕಿತ್ತು ಬಿಸಾಡಿ ಟಬ್ಬು ಚೊಕ್ಕಟ ಮಾಡಿಹೋಗೋಣ ಎಂದುಕೊಂಡು ಒಂದು ಬುಡಕ್ಕೆ ಕೈ ಹಾಕಿ ಎಳೆದರು. ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಗೇಣುದ್ದದ, ನೆಟ್ಟಗಿನ, ಕಿತ್ತಳೆ ಬಣ್ಣದ ಒಂದು ಕ್ಯಾರೆಟ್ ಮಣ್ಣು ಉದುರಿಸುತ್ತಾ ಮೇಲೆ ಬಂತು. ಅವರು ಅದನ್ನೇ ನೋಡುತ್ತಾ ನಿಂತರು. ನಾವೆಲ್ಲ ಅವರನ್ನು ನೋಡುತ್ತಾ ನಿಂತೆವು. ಎರಡನೆಯದನ್ನು ಎಳೆದರು, ಮೂರನೆಯದನ್ನು ಎಳೆದರು. ಹದಿನಾಲ್ಕು ಬಂದವು. ನಲ್ಲಿಯಲ್ಲಿ ಒಂದನ್ನು ತೊಳೆದು, ತುದಿ ಮುರಿದು, ಅಲ್ಲೇ ನಿಂತು ಕಚ್ಚಿದರು. ಕಚ್ಚಿದ ಸದ್ದು ನನಗೆ ಇನ್ನೂ ನೆನಪಿದೆ.

"ಚೆನ್ನಾಗಿದೆ," ಎಂದರು. "ಯಾರು ಹಾಕಿದ್ದು?"

ಹದಿಮೂರು ವರ್ಷ ಕಾದ ಮಾತು ಹೀಗೆ ಒಂದು ಪ್ರಶ್ನೆಯನ್ನು ಬಾಲಕ್ಕೆ ಕಟ್ಟಿಕೊಂಡು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? "ನಾನೇ," ಎಂದೆ. ಅವರು ಗಣಿತದ ಟೀಚರು. "ಯಾವಾಗ?" ಎಂದರು. ಅರವತ್ತು ಕಪ್ಪುಗಳಲ್ಲಿ ಪ್ರತಿಯೊಂದಕ್ಕೂ ಬಿತ್ತಿದ ದಿನ, ಮೊಳೆತ ದಿನ ನನ್ನ ಹಾಳೆಯಲ್ಲಿದೆ. ಬಂದ ಒಂದೇ ಒಂದು ಬೆಳೆಗೆ ಮಾತ್ರ ತಾರೀಕು ಇಲ್ಲ.

ತಾರೀಕು ಕೊಟ್ಟದ್ದೂ ಅವರೇ. "ನಾನು ಬಂದ ಮಾರನೇ ದಿನ ನೀವು ಗ್ಯಾರೇಜಿಂದ ತಂದು ಇಲ್ಲಿ ಏನೋ ಸುರಿದ್ರಲ್ಲ, ಅದೇ ಇರ್ಬೇಕು. ನನಗೆ ನಿದ್ದೆ ಬರ್ದೆ ಕಿಟಕಿ ಹತ್ರ ಕೂತಿದ್ದೆ. ಯಾರಾದ್ರೂ ಬಂದ್ರೆ ಕಸ ಕಾಣುತ್ತಲ್ಲ ಅಂತ ಮೇಲೆ ಒಂದಿಷ್ಟು ಮಣ್ಣು ಎಳೆದು ನೀರು ಹಾಕಿದೆ," ಎಂದರು. ಅಂದರೆ ಬಿತ್ತಿದ್ದು ನಾನು, ಮುಚ್ಚಿದ್ದು ಅವರು. ಇಬ್ಬರಿಗೂ ಗೊತ್ತಿರಲಿಲ್ಲ. ನವೆಂಬರಿನ ಹದವಾದ ಮಣ್ಣಿನಲ್ಲಿ ಮೊಳೆತು, ಜನವರಿಯ ಫ್ರಾಸ್ಟನ್ನೆಲ್ಲ ಮೈಮೇಲೆ ಹಾಕಿಸಿಕೊಂಡು, ಹೊದಿಕೆ ಕೇಳದೆ, ಬೆಚ್ಚನೆಯ ನೀರು ಕುಡಿಯದೆ ಅವು ಬೆಳೆದಿದ್ದವು. ಡಾಕ್ಟರ್ ಒಂದನ್ನು ಕಚ್ಚಿ, "ಥಂಡಿ ತಿಂದಾವ್ರಿ ಇವು, ಅದಕ್ಕ ಸಕ್ಕರಿ ಆಗ್ಯಾವ," ಎಂದರು. ನಾನು ಹೇಳಿದ್ದೆ ಅಂತ ಅನ್ನಲಿಲ್ಲ. ದೊಡ್ಡ ಮನುಷ್ಯರು. ಸುಮಾ ಮಾತ್ರ ನನ್ನ ಜುಬ್ಬಾದ ಮೇಲಿನ ಮಣ್ಣು ಝಾಡಿಸುತ್ತಾ, ರೀ, ಪಂಚೆಗಳನ್ನು ಇನ್ನಾದರೂ ಒಗೆಯಲು ಹಾಕಲಾ ಎಂದು ಕೇಳಿದಳು. ಕೋಸಂಬರಿ ಎಲ್ಲರಿಗೂ ಎರಡೆರಡು ಸಲ ಬಡಿಸುವಷ್ಟಾಯಿತು.

ಈಗ ಸೆಪ್ಟೆಂಬರ್. ನನ್ನ ಹಾಳೆಯನ್ನು ಪೂರ್ತಿ ತಿದ್ದಿದ್ದೇನೆ. ಫ್ರಾಸ್ಟ್ ದಿನಗಳ ಕಾಲಂಗಳನ್ನೆಲ್ಲ ಅಳಿಸಿ, ಸೀಡರ್ ಪಾರ್ಕಿನಲ್ಲಿ ಕ್ಯಾರೆಟ್ ಬಿತ್ತಲು ತಕ್ಕ ದಿನ: ಅತ್ತೆಯವರು ಬಂದ ಮಾರನೆಯ ದಿನ ಎಂದು ಬರೆದುಕೊಂಡಿದ್ದೇನೆ. ಶ್ರೀನಾಥ ಅದನ್ನು ನೋಡಿ, ಡಲ್ಲಾಸಿಗೆ ಒಂದೆರಡು ವಾರ ಮುಂಚೆ ಅಲ್ವೇನೋ ಎಂದು ಗಂಭೀರವಾಗಿ ಕೇಳಿದ. ಆದರೆ ಈ ಸಲ ಅತ್ತೆಯವರು ಜನವರಿಗೆ ಬರುವ ಯೋಚನೆಯಲ್ಲಿದ್ದರು. ಊರಿನಲ್ಲಿ ತಮ್ಮ ತಂಗಿಯ ಮನೆಯ ಗೃಹಪ್ರವೇಶವಂತೆ. ನಾನೇ ಫೋನ್ ಮಾಡಿ, ಗೃಹಪ್ರವೇಶ ಅಕ್ಟೋಬರಿನಲ್ಲೇ ಮುಗಿಯುತ್ತದಲ್ಲ, ನವೆಂಬರಿಗೇ ಬಂದುಬಿಡಿ ಎಂದೆ. ಎರಡು ತಿಂಗಳು ಮೊದಲೇ ಬನ್ನಿ ಎಂದು ಅತ್ತೆಯನ್ನು ಕರೆಯುವ ಗಂಡನನ್ನು ಸುಮಾ ಬೆರಗಾಗಿ ನೋಡುತ್ತಿದ್ದಳು.

"ಕ್ಯಾರೆಟ್ಟಿಗೋಸ್ಕರ ಕರೀತಿದ್ದೀರಾ?" ಎಂದು ಅತ್ತೆಯವರು ಆ ಕಡೆಯಿಂದ ಕೇಳಿದರು.

"ಬರೀ ಕ್ಯಾರೆಟ್ಟಿಗೆ ಅಲ್ಲ," ಎಂದೆ. ನಾನು ಮೊದಲೇ ಯೋಚಿಸದೆ ಕೊಟ್ಟ, ಆದರೂ ನಿಜವಾಗಿದ್ದ ಉತ್ತರ ಅದೊಂದೇ ಇರಬೇಕು. ಗಾಡಿ ಎಳೆಯುವಾಗ ಕಿಟಕಿಯಲ್ಲಿ ಯಾರಾದರೂ ಕೂತಿರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

"ಪರವಾಗಿಲ್ಲ ನೀವು," ಎಂದರು ಅತ್ತೆಯವರು. ಟಿಕೆಟ್ ಅವತ್ತೇ ಬುಕ್ ಮಾಡಿದೆ.

ಆ ಸಂಭ್ರಮದಲ್ಲೇ ಗ್ಯಾರೇಜಿಗೆ ಹೋಗಿ ತಯಾರಿ ನೋಡಿಕೊಂಡೆ. ಟಬ್ಬಿಗೆ ಹೊಸ ಮಣ್ಣು ಬಂದಿದೆ, ಸೂಟ್‌ಕೇಸಿಡುವ ಜಾಗವನ್ನು ಬೇಕೆಂದೇ ಅಸ್ತವ್ಯಸ್ತವಾಗಿ ಬಿಟ್ಟಿದ್ದೇನೆ. ಒಂದೇ ತೊಂದರೆ. ಇರುವ ಬೀಜವೆಲ್ಲ ಈ ವರ್ಷದ್ದು, ಅವಧಿ ಮೀರಿದ್ದು ಒಂದು ಪೊಟ್ಟಣವೂ ಇಲ್ಲ. ಶ್ರೀನಾಥನಿಗೆ ಫೋನ್ ಮಾಡಿ, ನಿನ್ನ ಹತ್ತಿರ ಎಸೆಯುವಂಥ ಹಳೆಯ ಕ್ಯಾರೆಟ್ ಬೀಜ ಏನಾದರೂ ಇದ್ದರೆ ಎಸೆಯಬೇಡ, ಜೋಪಾನವಾಗಿ ಕಳಿಸಿಕೊಡು ಎಂದು ಹೇಳಿದ್ದೇನೆ.